ಪ್ರೌಢಶಾಲೆಯ ಅಪರಾಹ್ನ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪೂರ್ವಾಹ್ನದ ಹೊತ್ತು ಎಲ್ಲ ಕಡೆಯೂ ಹೆಚ್ಚುಕಡಮೆ ಒಂದೇ ತೆರನಾಗಿರುತ್ತದೆ. ಪ್ರಾರ್ಥನೆ, ನಾಡಗೀತೆ, ದಿನಪತ್ರಿಕೆಯ ಮುಖ್ಯಾಂಶಗಳ ವಾಚನ ಮುಗಿದ ಬಳಿಕ ಮೂರು ಭಾಷೆಗಳೂ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳೂ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪಠ್ಯಕ್ರಮವನ್ನು ಅನುಸರಿಸಿ ಸಾಗತಕ್ಕವು. ಆದಕಾರಣ ಒಂದು ಶಾಲೆಗೂ ಮತ್ತೊಂದಕ್ಕೂ ಇರುವ ಅಂತರ, ಅದರ ಉಪಾಧ್ಯಾಯವರ್ಗದ ಉತ್ಸಾಹ, ಊರಿನವರಿಗೆ ಶಾಲೆಯ ಮೇಲಿರುವ ಮಮತೆ ಇವೆಲ್ಲ ಪ್ರಕಟವಾಗುವುದು ಬಿಸಿಯೂಟದ ತಟ್ಟೆಗಳನ್ನು ತೊಳೆದಿಟ್ಟ ಮೇಲೆ ಬರುವ ಅಪರಾಹ್ನದ ಹೊತ್ತಿನಲ್ಲಿ. ಒಂದು ಶಾಲೆಯಲ್ಲಿ ಆಗ ಮೈದಾನದಿಂದ ಸೀಟಿಯ ಸದ್ದು ಕೇಳುತ್ತದೆ, ಮೂಲೆಯ ಕೊಠಡಿಯಲ್ಲಿ ನಾಲ್ಕಾರು ಹುಡುಗಿಯರು ಜನಪದ ಗೀತೆಯೊಂದರ ಧಾಟಿಯನ್ನು ಸರಿಪಡಿಸಿಕೊಳ್ಳುತ್ತಿರುತ್ತಾರೆ. ಮತ್ತೊಂದು ಶಾಲೆಯಲ್ಲಿ ಅದೇ ಹೊತ್ತಿನಲ್ಲಿ ಹತ್ತನೆಯ ತರಗತಿಯವರನ್ನೆಲ್ಲ ಒಂದೆಡೆ ಕೂರಿಸಿ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಮತ್ತೊಮ್ಮೆ ಬಿಡಿಸಲಾಗುತ್ತಿರುತ್ತದೆ.

ಈ ಎರಡನೆಯ ಶಾಲೆಯ ಅಧ್ಯಾಪಕರನ್ನು ನಾನು ದೂಷಿಸಲಾರೆ. ಅವರ ಮೇಲಿರುವ ಒತ್ತಡವನ್ನು ಬಲ್ಲೆ. ಆದರೆ ಆ ಹೊತ್ತನ್ನು ಪರೀಕ್ಷೆಗೆ ಒಪ್ಪಿಸಿಬಿಟ್ಟಾಗ ಮಗುವಿನಿಂದ ಏನು ಕಳೆಯಿತೆಂಬುದನ್ನು ನಾವು ಸರಿಯಾಗಿ ಲೆಕ್ಕ ಹಾಕಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಪಟ್ಟಣದ ಅನುಕೂಲಸ್ಥರ ಮನೆಯ ಮಗುವಿಗೆ ಶಾಲೆಯಲ್ಲಿ ಸಂಗೀತವಿಲ್ಲದಿದ್ದರೆ ಮನೆಯ ಹತ್ತಿರ ಸಂಗೀತದ ಪಾಠವಿರುತ್ತದೆ, ಶಾಲೆಗೆ ಮೈದಾನವಿಲ್ಲದಿದ್ದರೆ ಬಡಾವಣೆಯಲ್ಲಿ ಈಜುಕೊಳವೋ ಷಟಲ್ ಅಂಗಣವೋ ಇರುತ್ತದೆ. ಸರ್ಕಾರಿ ಪ್ರೌಢಶಾಲೆಗೆ ಬರುವ ಮಗುವಾದರೋ ಸಂಜೆ ಮನೆಗೆ ಹೋಗಿ ದನ ಕಟ್ಟಬೇಕು, ನೀರು ಹಿಡಿಯಬೇಕು, ತಮ್ಮತಂಗಿಯರನ್ನು ನೋಡಿಕೊಳ್ಳಬೇಕು. ಅದರ ಕೊರಳಲ್ಲಿ ಇಂಪಾದ ದನಿಯಿದೆಯೆಂದು, ಕಾಲಲ್ಲಿ ಓಟದ ಕಸುವಿದೆಯೆಂದು, ನಾಲ್ಕು ಜನರೆದುರು ನಿಂತು ಮಾತನಾಡುವ ಧೈರ್ಯವಿದೆಯೆಂದು ಗುರುತಿಸತಕ್ಕ ಸ್ಥಳ ಶಾಲೆಯೊಂದೇ, ಅದೂ ಎಂಟರಿಂದ ಹತ್ತನೆಯ ತರಗತಿಯವರೆಗಿನ ಮೂರೇ ವರ್ಷಗಳ ಅವಧಿಯಲ್ಲಿ. ಅನುಕೂಲಸ್ಥರ ಮಗುವಿಗೆ ಶಾಲೆಯ ಪಠ್ಯೇತರ ಚಟುವಟಿಕೆ ಒಂದು ಹೆಚ್ಚಿನ ಸೌಕರ್ಯವಾದರೆ, ಈ ಮಗುವಿಗೆ ಅದು ಇರುವ ಒಂದೇ ಅವಕಾಶ.

ಇದು ಹೊಸದಾಗಿ ಹೊಳೆದ ವಿಚಾರವೇನೂ ಅಲ್ಲ. ಸ್ವಾತಂತ್ರ್ಯ ಬಂದ ಐದಾರು ವರ್ಷಗಳಲ್ಲಿಯೇ, 1952-53ರಲ್ಲಿ, ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು ನಮ್ಮ ಪ್ರೌಢಶಾಲಾ ಶಿಕ್ಷಣ ಪುಸ್ತಕಕ್ಕೂ ಪರೀಕ್ಷೆಗೂ ಸೆರೆಯಾಗಿರುವುದನ್ನು ಕಟುವಾಗಿ ವಿಮರ್ಶಿಸಿ, ಆಟ, ನಾಟಕ, ಚರ್ಚಾಕೂಟ, ಸ್ಕೌಟ್ ಮೊದಲಾದವು ಶಾಲಾಜೀವನದ ಅವಿಭಾಜ್ಯ ಅಂಗಗಳೆಂದು ಪ್ರತಿಪಾದಿಸಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವವನ್ನೂ ಸಮಾಜಸೇವೆಯನ್ನೂ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಾಲೆಗೆ ಆಟದ ಮೈದಾನವಿರಬೇಕೆಂದು ಹೇಳುವುದಲ್ಲದೆ, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಶಿಕ್ಷಣ ಇವುಗಳಿಗೆ ಅರೆಕಾಲಿಕ ಬೋಧಕರಾದರೂ ಇರತಕ್ಕದ್ದೆಂದು ವಿಧಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಪಠ್ಯ, ಪಠ್ಯೇತರ ಎಂಬ ಗಡುಸಾದ ವಿಭಜನೆಯೇ ಕೂಡದೆಂದಿತು. ಹೀಗೆ ಎಪ್ಪತ್ತು ವರ್ಷಗಳ ಕಾಲ ಕಾಗದದ ಮೇಲೆ ಯಾರೂ ಅಲ್ಲಗಳೆಯದ ಸಂಗತಿಯೊಂದು ನಿತ್ಯದ ವೇಳಾಪಟ್ಟಿಯಲ್ಲಿ ಮಾತ್ರ ಮತ್ತೆ ಮತ್ತೆ ಸೋಲುತ್ತಿರುವುದಕ್ಕೆ ಕಾರಣ ಗೂಢವಾದುದಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒಟ್ಟು ಅಂಕಗಳು 625. ಹಾಡಿಗೆ, ಆಟಕ್ಕೆ, ಚಿತ್ರಕ್ಕೆ ಅದರಲ್ಲಿ ಒಂದಂಕವೂ ಇಲ್ಲ. ಫಲಿತಾಂಶ ಬಂದ ದಿನ ಜಿಲ್ಲೆಗಳ ಸ್ಥಾನಪಟ್ಟಿ ಪತ್ರಿಕೆಗಳ ಮುಖಪುಟದಲ್ಲಿ ಅಚ್ಚಾಗುತ್ತದೆ, ಹಿಂದುಳಿದ ಶಾಲೆಯ ಮುಖ್ಯೋಪಾಧ್ಯಾಯರು ಉತ್ತರ ಹೇಳಬೇಕಾಗುತ್ತದೆ. ಮೈದಾನ ಬರಿದಾಗಿದ್ದುದಕ್ಕೆ ಉತ್ತರ ಹೇಳಬೇಕಾಗಿ ಬಂದ ಮುಖ್ಯೋಪಾಧ್ಯಾಯರೊಬ್ಬರನ್ನೂ ನಾನು ಕಂಡಿಲ್ಲ.

ಆದರೂ ಅಪರಾಹ್ನ ಪೂರ್ತಿಯಾಗಿ ಬರಿದಾಗಿಲ್ಲ. ಅದನ್ನು ಉಳಿಸಿಕೊಂಡು ಬಂದ ಸಂಸ್ಥೆಗಳಲ್ಲಿ ಅತ್ಯಂತ ಹಳೆಯವು ಸಮವಸ್ತ್ರದ ದಳಗಳು. ಸ್ಕೌಟ್ ಚಳವಳಿ 1907ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದುದು, ಸ್ವತಂತ್ರ ಭಾರತದಲ್ಲಿ ಚದುರಿದ್ದ ಹಲವು ಸಂಘಗಳು 1950ರ ನವೆಂಬರ್ 7ರಂದು ಒಂದಾಗಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಆದುದು, 1948ರ ಕಾಯಿದೆಯ ಮೇರೆಗೆ ಎನ್.ಸಿ.ಸಿ. ಸ್ಥಾಪಿತವಾಗಿ ಅದರ ಕಿರಿಯ ವಿಭಾಗ ಪ್ರೌಢಶಾಲೆಗಳಿಗೆ ಬಂದುದು, ಇವು ಸಾಮಾನ್ಯವಾಗಿ ತಿಳಿದ ಸಂಗತಿಗಳು. ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದ್ದು ಮೂರನೆಯದಾದ ಸೇವಾದಳವನ್ನು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಅನೇಕರು ಕಾರಾಗೃಹದ ಕಷ್ಟವನ್ನು ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದಾಗ, ಡಾ. ನಾ. ಸು. ಹರ್ಡೀಕರರ ನೇತೃತ್ವದಲ್ಲಿ ಹುಬ್ಬಳ್ಳಿಯಿಂದ ಹೋಗಿದ್ದ ಸ್ವಯಂಸೇವಕರು ಹಾಗೆ ಬರೆದುಕೊಡಲು ಒಪ್ಪಲಿಲ್ಲ. ಆ ಸ್ಥೈರ್ಯ ದೇಶದ ಗಮನ ಸೆಳೆದ ಫಲವಾಗಿ ಅದೇ ವರ್ಷದ ಕೊನೆಗೆ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ಆ ಪರಂಪರೆಯ ಭಾರತ ಸೇವಾದಳದ ಶಾಖೆಗಳು ಇಂದಿಗೂ ಕರ್ನಾಟಕದ ಎಷ್ಟೋ ಶಾಲೆಗಳಲ್ಲಿವೆ. ರಾಷ್ಟ್ರಧ್ವಜವನ್ನು ಮಡಿಸುವ, ಕಟ್ಟುವ, ಏರಿಸುವ, ಇಳಿಸುವ ಕ್ರಮವನ್ನು ಮಕ್ಕಳು ಕೈಯಾರೆ ಕಲಿಯುವುದು ಅಲ್ಲಿ. ಆಗಸ್ಟ್ ಹದಿನೈದರ ಬೆಳಿಗ್ಗೆ ಧ್ವಜಸ್ತಂಭದ ಬಳಿ ಗಂಭೀರವಾಗಿ ನಿಂತ ಹದಿಮೂರು ವರ್ಷದ ಬಾಲಕಿಗೆ, ತಾನು ಹಿಡಿದ ಹಗ್ಗಕ್ಕೂ ತನ್ನ ನಾಡಿನ ನೂರು ವರ್ಷಗಳ ಇತಿಹಾಸಕ್ಕೂ ಇರುವ ಈ ಸಂಬಂಧವನ್ನು ಯಾರಾದರೂ ಹೇಳಿದರೆ, ಸಮಾಜ ವಿಜ್ಞಾನದ ಪಾಠ ಅರ್ಧ ಮುಗಿದಂತೆಯೇ.

ಇನ್ನು ಶಿಕ್ಷಣ ಇಲಾಖೆಯೇ ನಡೆಸುವ ಪ್ರತಿಭಾ ಕಾರಂಜಿಯ ವಿಷಯ. ಕನ್ನಡನಾಡಿನಲ್ಲಿ ಮಕ್ಕಳಿರುವ ಮನೆಯವರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಕ್ಲಸ್ಟರ್ ಮಟ್ಟದಲ್ಲಿ ಆರಂಭವಾಗಿ ತಾಲ್ಲೂಕು, ಜಿಲ್ಲೆಗಳನ್ನು ದಾಟಿ ರಾಜ್ಯಮಟ್ಟದವರೆಗೆ ಏರುವ ಈ ಸ್ಪರ್ಧಾಮಾಲೆಯಲ್ಲಿ ಕಂಠಪಾಠ, ಭಾವಗೀತೆ, ಆಶುಭಾಷಣ, ಚರ್ಚೆ, ರಂಗೋಲಿ, ಮಿಮಿಕ್ರಿ, ಛದ್ಮವೇಷ, ಜನಪದ ನೃತ್ಯ, ಗಜಲ್, ಕವ್ವಾಲಿ ಎಲ್ಲಕ್ಕೂ ಸ್ಥಾನವಿದೆ. ಕ್ಲಸ್ಟರ್ ಮಟ್ಟದ ಸ್ಪರ್ಧೆಯ ದಿನ ಒಂದು ಹಳ್ಳಿಯ ಶಾಲೆಯ ಆವರಣವನ್ನು ಹೊಕ್ಕವರಿಗೆ ಒಂದು ಕೊಠಡಿಯಿಂದ ಸಂಸ್ಕೃತ ಶ್ಲೋಕವೂ ಮತ್ತೊಂದರಿಂದ ಅರಬ್ಬಿ ಪಠಣವೂ, ಹೊಂಗೆಮರದಡಿಯಿಂದ ಕವ್ವಾಲಿಯ ಚಪ್ಪಾಳೆಯೂ ಏಕಕಾಲದಲ್ಲಿ ಕೇಳಿಬರುತ್ತವೆ. ನಾಡು ತನ್ನ ವೈವಿಧ್ಯವನ್ನು ಇಷ್ಟು ಸಹಜವಾಗಿ, ಭಾಷಣವಿಲ್ಲದೆ, ಪ್ರದರ್ಶಿಸುವ ಸಂದರ್ಭಗಳು ಬಹಳವಿಲ್ಲ. ಈ ಕಾರ್ಯಕ್ರಮವನ್ನು ರೂಪಿಸಿದವರಿಗೆ ನಾವು ಋಣಿಗಳಾಗಿರಬೇಕು.

ಆದರೆ ಸ್ಪರ್ಧೆ ಶಿಕ್ಷಣವಲ್ಲ ಎಂಬ ಮಾತನ್ನೂ ಕೂಡಲೇ ಹೇಳಬೇಕಾಗಿದೆ. ಸ್ಪರ್ಧೆ ಮಾಡಬಲ್ಲದ್ದು ಇಷ್ಟೇ: ಈಗಾಗಲೇ ಕಲಿತವರಲ್ಲಿ ಯಾರು ಮುಂದೆಂಬುದನ್ನು ತೋರಿಸಬಲ್ಲದು. ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳ ಮಕ್ಕಳೆಲ್ಲ ಒಂದೇ ವೇದಿಕೆಯನ್ನೇರುವಾಗ, ಆರನೆಯ ವಯಸ್ಸಿನಿಂದ ಗುರುವಿನ ಬಳಿ ಭರತನಾಟ್ಯ ಕಲಿತ ಮಗುವಿನೆದುರು, ಹಿಂದಿನ ಸಂಜೆಯಷ್ಟೇ ತನ್ನ ಕನ್ನಡ ಮೇಷ್ಟ್ರು ಮೊಬೈಲಿನಲ್ಲಿ ತೋರಿಸಿದ ಹೆಜ್ಜೆಗಳನ್ನು ಅಭ್ಯಾಸ ಮಾಡಿ ಬಂದ ಮಗು ನಿಂತರೆ, ಅಲ್ಲಿ ಅಳೆಯಲ್ಪಡುವುದು ಪ್ರತಿಭೆಗಿಂತ ಹೆಚ್ಚಾಗಿ ಮನೆಯ ಅನುಕೂಲವೇ. ಬಹುಮಾನ ತಪ್ಪಿದ್ದು ದೊಡ್ಡ ನಷ್ಟವಲ್ಲ. ಸ್ಪರ್ಧೆ ಮುಗಿದ ಮರುದಿನದಿಂದ ಆ ಮಗುವಿಗೆ ಹೆಜ್ಜೆ ಕಲಿಸುವವರು ಯಾರೂ ಇಲ್ಲದೆ ಹೋಗುವುದು, ಮುಂದಿನ ವರ್ಷದ ಸುತ್ತೋಲೆ ಬರುವತನಕ ಹಾಡೂ ಕುಣಿತವೂ ಶಾಲೆಯಿಂದ ಮಾಯವಾಗುವುದು, ಇದೇ ನಷ್ಟ.

ವರ್ಷವಿಡೀ ಕಲಿಸುವ ಮಾರ್ಗವೊಂದು ನಮ್ಮಲ್ಲಿ ಸಾಧ್ಯವೇ ಎಂದು ಸಂದೇಹಿಸುವವರು ಉಡುಪಿಯ ಕಡೆ ನೋಡಬೇಕು. ಅಲ್ಲಿ 1975ರಲ್ಲಿ ಆರಂಭವಾದ ಯಕ್ಷಗಾನ ಕಲಾರಂಗದ ಒತ್ತಾಸೆಯಿಂದ ಯಕ್ಷಶಿಕ್ಷಣ ಟ್ರಸ್ಟ್ ಎಂಬ ಸಂಸ್ಥೆ ಒಂದೂವರೆ ದಶಕಕ್ಕೂ ಮೇಲ್ಪಟ್ಟು ಪ್ರೌಢಶಾಲೆಗಳಿಗೆ ಯಕ್ಷಗಾನದ ಗುರುಗಳನ್ನು ಕಳುಹಿಸಿ, ಮಕ್ಕಳಿಗೆ ಉಚಿತವಾಗಿ ಕಲಿಸುವ ಏರ್ಪಾಡು ಮಾಡಿಕೊಂಡು ಬಂದಿದೆ. ಮಳೆಗಾಲದ ಅಪರಾಹ್ನಗಳಲ್ಲಿ ತಾಳದ ಪಾಠದಿಂದ ಆರಂಭವಾದುದು ಹೆಜ್ಜೆಗೆ, ಹೆಜ್ಜೆಯಿಂದ ಅಭಿನಯಕ್ಕೆ, ಅಭಿನಯದಿಂದ ಮಾತಿಗೆ ಕ್ರಮೇಣ ಬೆಳೆದು, ವರ್ಷಾಂತ್ಯದ ಹೊತ್ತಿಗೆ 'ಕಿಶೋರ ಯಕ್ಷಗಾನ ಸಂಭ್ರಮ'ವೆಂಬ ಹೆಸರಿನಲ್ಲಿ ಶಾಲೆಗೊಂದರಂತೆ ಪ್ರಸಂಗಗಳ ಪ್ರದರ್ಶನವಾಗಿ ರಂಗವೇರುತ್ತದೆ. ಅಲ್ಲಿ ಸ್ಪರ್ಧೆಯಿಲ್ಲ, ಮೊದಲನೆಯವರೂ ಕೊನೆಯವರೂ ಇಲ್ಲ. ಕಲಿತ ಶಾಲೆಗೆಲ್ಲ ರಂಗಸ್ಥಳವಿದೆ, ಹಿಮ್ಮೇಳದ ಚಂಡೆಮದ್ದಳೆಗಳಿವೆ, ಮುಖವರ್ಣಿಕೆಯಿಂದ ಕಿರೀಟದವರೆಗೆ ಪೂರ್ಣವಾದ ವೇಷಭೂಷಣವಿದೆ, ಊರಿನವರೆಲ್ಲ ಕುಳಿತು ನೋಡುವ ಸಭೆಯಿದೆ.

ಇದರ ಪರಿಣಾಮವನ್ನು ಮೂರು ನಾಲ್ಕು ಬಗೆಯಲ್ಲಿ ಕಾಣಬಹುದಾದರೂ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಭಾಷೆಯ ವಿಷಯ. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಇಂಗ್ಲಿಷಿನ ಒಂದು ಪದವೂ ನುಸುಳಕೂಡದೆಂಬುದು ರಂಗದ ಅಲಿಖಿತ ನಿಯಮ. ಮೊದಮೊದಲು ಗುರುಗಳು ಬರೆದುಕೊಟ್ಟ ಮಾತುಗಳನ್ನೇ ಮಕ್ಕಳು ಕಂಠಸ್ಥ ಮಾಡಿಕೊಂಡರೂ, ಎದುರುಪಾತ್ರ ಕೇಳಿದ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಬೇಕಾದ ಅಗತ್ಯ ಬಂದಾಗ, ಒಂಬತ್ತನೆಯ ತರಗತಿಯ ಹುಡುಗ ದೀರ್ಘವಾದ ವಾಕ್ಯವೊಂದನ್ನು ಆರಂಭಿಸಿ, ಅದರ ಕರ್ತೃವನ್ನು ಮರೆಯದೆ, ಕ್ರಿಯಾಪದದವರೆಗೆ ಸುಸೂತ್ರವಾಗಿ ಕೊಂಡೊಯ್ಯಲು ಕಲಿಯುತ್ತಾನೆ. ವ್ಯಾಕರಣದ ಪಾಠ ವರ್ಷಗಟ್ಟಲೆ ಪ್ರಯತ್ನಿಸಿ ಸಾಧಿಸಲಾಗದ ಫಲವಿದು. ಕೂಲಿಗಾಗಿ ಬಯಲುಸೀಮೆಯಿಂದ ಕರಾವಳಿಗೆ ವಲಸೆ ಬಂದ ಕುಟುಂಬಗಳ ಮಕ್ಕಳು, ಶಾಲೆಯ ಮೊದಲ ದಿನಗಳಲ್ಲಿ ತಮ್ಮ ಮಾತಿನ ಧಾಟಿಯ ಕಾರಣದಿಂದಲೇ ಹಿಂದೆ ಸರಿದು ಕೂರುತ್ತಿದ್ದವರು, ಸುಧನ್ವನಾಗಿಯೋ ಬಭ್ರುವಾಹನನಾಗಿಯೋ ಎದ್ದುನಿಂತು ಸಭೆಯನ್ನು ಗೆಲ್ಲುತ್ತಾರೆ. ಅವರನ್ನು ಪರಕೀಯರೆನ್ನುವ ಧೈರ್ಯ ಆಮೇಲೆ ತರಗತಿಯಲ್ಲಿ ಯಾರಿಗೂ ಉಳಿಯುವುದಿಲ್ಲ. ಹೆಣ್ಣುಮಕ್ಕಳ ಮಾತೂ ಸಣ್ಣದಲ್ಲ. ವೃತ್ತಿಮೇಳಗಳಲ್ಲಿ ಸ್ತ್ರೀವೇಷವನ್ನೂ ಪುರುಷರೇ ಧರಿಸುತ್ತ ಬಂದ ಕಲೆಯಲ್ಲಿ, ಇಂದು ಪ್ರೌಢಶಾಲೆಯ ಬಾಲಕಿಯರು ಕಿರೀಟವೇಷ ತೊಟ್ಟು ಯುದ್ಧದ ಹೆಜ್ಜೆ ಹಾಕುತ್ತಾರೆ, ಅವರ ತಾಯಂದಿರು ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತಾರೆ.

ಉಡುಪಿಗೆ ಯಕ್ಷಗಾನ ಒದಗಿತು, ಬೇರೆ ಸೀಮೆಯವರು ಏನು ಮಾಡಬೇಕೆಂಬ ಪ್ರಶ್ನೆ ಏಳಬಹುದು. ಕಲೆಯಿಲ್ಲದ ಸೀಮೆ ಕರ್ನಾಟಕದಲ್ಲಿ ಎಲ್ಲಿದೆ? ಮಂಡ್ಯ, ಮೈಸೂರುಗಳ ಕಡೆ ಕಂಸಾಳೆಯಿದೆ, ಪೂಜಾಕುಣಿತವಿದೆ. ಹಾವೇರಿ, ಶಿವಮೊಗ್ಗಗಳಲ್ಲಿ ಡೊಳ್ಳಿದೆ. ಉತ್ತರ ಕರ್ನಾಟಕದಲ್ಲಿ ಸಣ್ಣಾಟ, ದೊಡ್ಡಾಟ, ಗೀಗೀಪದಗಳಿವೆ. ಹಳೆಯ ಮೈಸೂರಿನ ಹಳ್ಳಿ ಹಳ್ಳಿಯಲ್ಲಿ ಪೌರಾಣಿಕ ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳು ಇನ್ನೂ ಇದ್ದಾರೆ. ಕಲಾವಿದ ಶಾಲೆಯ ಕೂಗಳತೆಯ ದೂರದಲ್ಲೇ ವಾಸವಾಗಿರುತ್ತಾನೆ, ಎಷ್ಟೋ ವೇಳೆ ಅವನ ಮೊಮ್ಮಗಳು ಅದೇ ಶಾಲೆಯಲ್ಲಿ ಓದುತ್ತಿರುತ್ತಾಳೆ, ಆದರೂ ವಾರ್ಷಿಕೋತ್ಸವದಲ್ಲಿ ಮಕ್ಕಳು ಕುಣಿಯುವುದು ಸಿನಿಮಾ ಹಾಡಿನ ಧ್ವನಿಮುದ್ರಿಕೆಗೆ.

ರಂಗಭೂಮಿಯ ಕಡೆಯಿಂದಲೂ ದಾರಿ ತೆರೆದಿತ್ತು. ಬಿ. ವಿ. ಕಾರಂತರು ರವೀಂದ್ರರ ಗಿಣಿಯ ಕಥೆಯನ್ನು 'ಪಂಜರಶಾಲೆ'ಯೆಂಬ ಮಕ್ಕಳ ನಾಟಕವಾಗಿಸಿ, ಗಿಣಿಗೆ ವಿದ್ಯೆ ಕಲಿಸುವ ಭರದಲ್ಲಿ ಅದರ ಪ್ರಾಣವನ್ನೇ ತೆಗೆಯುವ ಪಂಡಿತರನ್ನು ರಂಗದ ಮೇಲೆ ತಂದರು. ಅದನ್ನು ನೂರಾರು ಶಾಲೆಗಳ ಮಕ್ಕಳು ಆಡಿದ್ದಾರೆ. ಹೆಗ್ಗೋಡಿನ ನೀನಾಸಮ್ ಮೊದಲಾದೆಡೆ ತರಬೇತಾದವರಲ್ಲಿ ಕೆಲವರನ್ನು ಸರ್ಕಾರ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರನ್ನಾಗಿ ನೇಮಿಸಿಕೊಂಡದ್ದು ದೇಶದಲ್ಲಿಯೇ ಅಪರೂಪದ, ಮೆಚ್ಚತಕ್ಕ ಹೆಜ್ಜೆ. ಅಂಥ ಶಿಕ್ಷಕರಿರುವ ಶಾಲೆಯಲ್ಲಿ ಗಣಿತವೂ ವಿಜ್ಞಾನವೂ ರಂಗಕ್ಕೆ ಬರುವುದುಂಟು. ಆದರೆ ಅವರ ಸಂಖ್ಯೆ ಶಾಲೆಗಳ ಸಂಖ್ಯೆಯ ಮುಂದೆ ತೀರ ಅಲ್ಪ. ಚಿತ್ರಕಲೆ, ಸಂಗೀತ, ವೃತ್ತಿಶಿಕ್ಷಣದ ಅಧ್ಯಾಪಕರ ಗತಿಯೂ ಇದೇ: ಒಬ್ಬರು ನಿವೃತ್ತರಾದರೆ ಆ ಹುದ್ದೆ ಬಹುಕಾಲ ಖಾಲಿಯಾಗಿಯೇ ಉಳಿಯುತ್ತದೆ, ಅವರ ಕೊಠಡಿ ದಾಸ್ತಾನುಕೋಣೆಯಾಗುತ್ತದೆ.

ಆಟದ ವಿಷಯದಲ್ಲಿ ನಮ್ಮ ಅನುಭವ ಸ್ವಲ್ಪ ಆಶಾದಾಯಕ. ಹೋಬಳಿ ಅಥವಾ ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಶ್ರೇಣಿಯಲ್ಲಿ ನಡೆಯುವ ಕ್ರೀಡಾಕೂಟಗಳಿಗೆ ಹಳ್ಳಿಯ ಮಕ್ಕಳು ಇಂದಿಗೂ ಹಬ್ಬಕ್ಕೆ ಹೋಗುವಂತೆ ಹೋಗುತ್ತಾರೆ. ಖೊಖೊ, ಕಬಡ್ಡಿ, ಥ್ರೋಬಾಲ್, ವಾಲಿಬಾಲ್ ನಮ್ಮ ಶಾಲೆಗಳ ಆಟಗಳಾಗಿ ಉಳಿದಿರುವುದಕ್ಕೆ ಅವು ಬೇಡುವ ಸಲಕರಣೆ ಸ್ವಲ್ಪವೆಂಬುದೂ ಒಂದು ಕಾರಣ. ಖೊಖೊಗಂತೂ ಎರಡು ಕಂಬಗಳೂ ಸುಣ್ಣದ ಗೆರೆಯೂ ಇದ್ದರೆ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಚೈತ್ರಾ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು, ಈ ಆಟವನ್ನು ಶಾಲೆಯ ದಿನಗಳಲ್ಲಿಯೇ ಕಲಿತವರು. ಅಂಥ ಆಟಗಾರರ ಹಿಂದೆ ಬೆಳಿಗ್ಗೆಯೂ ಸಂಜೆಯೂ ಸೀಟಿ ಹಿಡಿದು ಮೈದಾನದಲ್ಲಿ ನಿಂತ ಪಿ.ಟಿ. ಮೇಷ್ಟ್ರೊಬ್ಬರು ಯಾವಾಗಲೂ ಇರುತ್ತಾರೆ. ದೈಹಿಕ ಶಿಕ್ಷಕರಾದರೋ ತಮ್ಮ ಸ್ಥಾನಮಾನದ ಸುಧಾರಣೆಯನ್ನು ಶಿಫಾರಸು ಮಾಡಿದ ವೈದ್ಯನಾಥನ್ ವರದಿಯ ಜಾರಿಯನ್ನು ಕೇಳುತ್ತಲೇ ಬಂದಿದ್ದಾರೆ. ಆಟದ ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವಂತೆ ಕೇಳುವುದು ಎಷ್ಟು ಸುಲಭವಾಗಿದೆಯೆಂದರೆ, ಗಣಿತದ ಪಿರಿಯಡ್ಡನ್ನು ಆಟಕ್ಕೆ ಬಿಟ್ಟುಕೊಡಿರೆಂದು ಕೇಳಿದವರು ಒಬ್ಬರಾದರೂ ಇದ್ದಾರೆಯೇ ಎಂದು ಯೋಚಿಸಬೇಕಾಗಿದೆ. ಹೆಣ್ಣುಮಕ್ಕಳಿಗಂತೂ ಇದರ ಪೆಟ್ಟು ಇಮ್ಮಡಿ, ಏಕೆಂದರೆ ಹುಡುಗನಿಗೆ ಶಾಲೆಯ ಹೊರಗೆ ಊರಿನ ಬಯಲಾದರೂ ಇದೆ. ಹದಿನಾಲ್ಕು ವರ್ಷದ ಹುಡುಗಿ ಊರಬಯಲಿನಲ್ಲಿ ಓಡುವುದನ್ನು ನಮ್ಮ ಸಮಾಜ ಇನ್ನೂ ಒಪ್ಪಿಲ್ಲ, ಶಾಲೆಯ ಅಂಗಳದಲ್ಲಿ ಮಾತ್ರ ಒಪ್ಪುತ್ತದೆ.

ವಿಜ್ಞಾನದ ಚಟುವಟಿಕೆಗಳ ಬಗ್ಗೆ ಒಂದೆರಡು ಮಾತು ಸಾಕು. 1993ರಿಂದ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶವನ್ನು ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿದೆ. ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳು ತಂಡವಾಗಿ ತಮ್ಮ ಸುತ್ತಲಿನ ಸಮಸ್ಯೆಯೊಂದನ್ನು ಆರಿಸಿಕೊಂಡು, ಅಳತೆ ಮಾಡಿ, ಬರೆದು ಮಂಡಿಸಬೇಕು. ಪಾವಗಡದಂಥ ಸೀಮೆಯಲ್ಲಿ ಮಕ್ಕಳು ತಮ್ಮೂರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಅಳೆಯಲು ಹೊರಟರೆ, ಆ ಅಳತೆಯ ಪ್ರಯೋಜನ ಪದಕದಲ್ಲಿ ಮುಗಿಯುವುದಿಲ್ಲ, ಅವರ ಮನೆಯ ಬಿಂದಿಗೆಯವರೆಗೆ ಬರುತ್ತದೆ.

ಇವೆಲ್ಲಕ್ಕೂ ಪೋಷಕರು ಎತ್ತುವ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ. ಹತ್ತನೆಯ ತರಗತಿಯ ಅಂಕವೇ ಪಿ.ಯು.ಸಿ.ಗೂ ಡಿಪ್ಲೊಮಾಕ್ಕೂ ದಾರಿ ಮಾಡಿಕೊಡುವಾಗ, ಕೂಲಿ ಮಾಡಿ ಮಗಳನ್ನು ಓದಿಸುವ ತಂದೆ ಕುಣಿತದಿಂದ ಏನು ಸಿಗುತ್ತದೆಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅವನಿಗೆ ಕೊಡಬೇಕಾದ ಉತ್ತರವೂ ಅಷ್ಟೇ ನೇರವಾಗಿರಬೇಕು: ಹದಿನೈದನೆಯ ವಯಸ್ಸಿನಲ್ಲಿ ಮಗು ಶಾಲೆ ಬಿಡುವುದು ಬಹುಮಟ್ಟಿಗೆ ಅಲ್ಲಿ ತನಗೆ ಯಾವ ಸ್ಥಾನವೂ ಇಲ್ಲವೆಂದು ಅನ್ನಿಸಿದಾಗ, ಅಂಕದಲ್ಲಿ ಹಿಂದಿರುವ ಹುಡುಗ ತಂಡದಲ್ಲಿ ಮುಂದಿದ್ದರೆ ಅವನು ನಾಳೆಯೂ ಶಾಲೆಗೆ ಬರುತ್ತಾನೆ, ಬಂದವನಿಗೆ ಮಾತ್ರ ಗಣಿತವನ್ನು ಕಲಿಸುವುದು ಸಾಧ್ಯ. ನಾನು ಮಾತನಾಡಿಸಿದ ಅನುಭವಿ ಮುಖ್ಯೋಪಾಧ್ಯಾಯರು ಬಹುಮಂದಿ ಇದನ್ನು ಒಪ್ಪುತ್ತಾರೆ.

ಅಪರಾಹ್ನಕ್ಕೆ ಮತ್ತೊಂದು ಅಪಾಯವೂ ಒದಗಿದೆ, ಅದು ಆಚರಣೆಗಳ ಅತಿಶಯ. ಜಯಂತಿಗಳು, ಸಪ್ತಾಹಗಳು, ಪ್ರತಿಜ್ಞಾವಿಧಿಗಳು, ಜಾಥಾಗಳು ಒಂದರ ಹಿಂದೊಂದು ಬಂದು, ಪ್ರತಿಯೊಂದಕ್ಕೂ ಛಾಯಾಚಿತ್ರ ತೆಗೆದು ಮೇಲಿನವರಿಗೆ ಕಳುಹಿಸಬೇಕಾದ ಹೊಣೆ ಅಧ್ಯಾಪಕರ ಮೇಲೆ ಬಿದ್ದು, ಚಟುವಟಿಕೆಯೆಂದರೆ ಮಕ್ಕಳನ್ನು ಬ್ಯಾನರಿನ ಹಿಂದೆ ಸಾಲಾಗಿ ನಿಲ್ಲಿಸುವುದೆಂಬ ಭಾವನೆ ಬೇರೂರುತ್ತಿದೆ. ಅದರಿಂದ ಮಗು ಏನನ್ನೂ ಕಲಿಯುವುದಿಲ್ಲ. ಇಂಥ ಹತ್ತು ಆಚರಣೆಗಳನ್ನು ಬಿಟ್ಟು, ವಾರಕ್ಕೆರಡು ಬಾರಿ ಒಂದೇ ಹಾಡನ್ನು ಸರಿಯಾಗಿ ಕಲಿಸಿದ ಶಾಲೆ ತನ್ನ ಕರ್ತವ್ಯವನ್ನು ಹೆಚ್ಚು ಪ್ರಾಮಾಣಿಕವಾಗಿ ನೆರವೇರಿಸಿದಂತೆ.

ಆದ್ದರಿಂದ ಬರುವ ಜೂನ್ ತಿಂಗಳಲ್ಲಿ ವೇಳಾಪಟ್ಟಿ ಸಿದ್ಧಪಡಿಸುವ ಮುಖ್ಯೋಪಾಧ್ಯಾಯರಲ್ಲಿಯೂ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಲ್ಲಿಯೂ ನನ್ನ ಬಿನ್ನಹವಿಷ್ಟು. ನಿಮ್ಮ ಶಾಲೆಗೆ ಒಂದು ಆಟವನ್ನೂ ಒಂದು ಕಲೆಯನ್ನೂ ಆರಿಸಿಕೊಳ್ಳಿ. ಅವಕ್ಕೆ ವಾರದಲ್ಲಿ ಎರಡೆರಡು ಪಿರಿಯಡ್ಡುಗಳನ್ನು ಗೊತ್ತುಮಾಡಿ, ಆ ಹೊತ್ತನ್ನು ಜನವರಿ ಬಂದರೂ ಹತ್ತನೆಯ ತರಗತಿಯ ಮಕ್ಕಳಿಂದಲೂ ಕಸಿದುಕೊಳ್ಳಬೇಡಿ. ಸುಗ್ಗಿಯ ಕುಣಿತವನ್ನೋ ಸೋಬಾನೆಯನ್ನೋ ಡೊಳ್ಳನ್ನೋ ಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಅವರನ್ನು ಸನ್ಮಾನಕ್ಕೆ ಕರೆಯುವುದರ ಬದಲು ಪಾಠಕ್ಕೆ ಕರೆಯಿರಿ, ಅವರ ಬಸ್ಸಿನ ಖರ್ಚನ್ನೂ ಯೋಗ್ಯವಾದ ಗೌರವಧನವನ್ನೂ ಹಳೆಯ ವಿದ್ಯಾರ್ಥಿಗಳಿಂದ ಕೂಡಿಸಿ ಕೊಡಿ. ಇಂಥ ಶಾಲೆಗಳಲ್ಲಿ ಓದಿ ಇಂದು ಬೆಂಗಳೂರಿನಲ್ಲೋ ಹೊರನಾಡಿನಲ್ಲೋ ನೆಲೆಸಿರುವ ಓದುಗರು ಈ ಲೇಖನವನ್ನು ನೋಡಿದ್ದರೆ, ಮೊದಲ ಹಣ ಅವರಿಂದ ಬರಲಿ.